ಫ್ಯೂಸ್ ಬದಲಿಸಿದರೆ ಧ್ವನಿ ಸುಧಾರಿಸುವುದೇ?

ಗಾಜಿನ ಪುಟ್ಟ ಕೊಳವೆ, ಒಳಗೆ ಕೂದಲೆಳೆಯಷ್ಟು ತಂತಿ, ಎರಡು ತುದಿಗಳಿಗೆ ಲೋಹದ ಟೊಪ್ಪಿಗೆ. ಉದ್ದ 20 ಮಿಲಿಮೀಟರ್, ವ್ಯಾಸ 5 ಮಿಲಿಮೀಟರ್. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಅಡಗಿರುವ ಈ ಫ್ಯೂಸಿಗೆ ಬಿಡಿಭಾಗಗಳ ಅಂಗಡಿಯಲ್ಲಿ ಕೆಲವೇ ರೂಪಾಯಿ ಬೆಲೆ. ಇದೇ ಗಾತ್ರದ್ದು, ಆದರೆ ಬೆಳ್ಳಿ-ಬಂಗಾರದ ಲೇಪ, ಅತಿಶೀತಲ ಸಂಸ್ಕಾರ, ಪ್ರವಾಹದ ದಿಕ್ಕನ್ನು ತೋರಿಸುವ ಬಾಣದ ಗುರುತು ಮೊದಲಾದ ವಿಶೇಷಣಗಳನ್ನು ಹೊತ್ತ ‘ಆಡಿಯೋ ಫ್ಯೂಸ್’ಗಳು ವಿದೇಶಿ ಮಾರುಕಟ್ಟೆಯಲ್ಲಿ ಸಾವಿರಾರು ರೂಪಾಯಿಗೆ, ಕೆಲವು ಹತ್ತಾರು ಸಾವಿರಕ್ಕೆ ಮಾರಾಟವಾಗುತ್ತಿವೆ. ಇವನ್ನು ಅಳವಡಿಸಿದರೆ ಗಾಯನ ಹೆಚ್ಚು ಸ್ಫುಟವಾಗುತ್ತದೆ, ಮಂದ್ರಸ್ವರಗಳು ಗಟ್ಟಿಯಾಗುತ್ತವೆ ಎಂಬುದು ತಯಾರಕರ ಪ್ರತಿಪಾದನೆ.

ದಾವಣಗೆರೆಯ ಪಿ.ಜೆ. ಬಡಾವಣೆಯಂತಹ ಪ್ರದೇಶಗಳಲ್ಲಿ ಧ್ವನಿ ಉಪಕರಣಗಳನ್ನು ಮಾರುವ, ದುರಸ್ತಿ ಮಾಡುವ ವರ್ತಕರಿಗೆ ಇದು ಕೇವಲ ಹವ್ಯಾಸಿಗಳ ಚರ್ಚೆಯಲ್ಲ. ಅಂತರಜಾಲದಲ್ಲಿ ಓದಿಕೊಂಡು ಬಂದ ಗ್ರಾಹಕನು ಅಂತಹ ಫ್ಯೂಸನ್ನು ತರಿಸಿಕೊಡುವಂತೆ ಕೇಳಿದರೆ ತರಿಸಿ ಲಾಭ ಪಡೆಯಬೇಕೇ, ಬೇಡವೆಂದು ಹೇಳಿ ಗಿರಾಕಿಯನ್ನು ಕಳೆದುಕೊಳ್ಳಬೇಕೇ? ಇದಕ್ಕೆ ಉತ್ತರಿಸುವ ಮೊದಲು ಫ್ಯೂಸ್ ಮಾಡುವ ಕೆಲಸವನ್ನು ತುಸು ಲೆಕ್ಕ ಹಾಕಿ ನೋಡುವುದು ಒಳಿತು.

ಎರಡು ಆಂಪಿಯರ್ ಸಾಮರ್ಥ್ಯದ ಸಾಧಾರಣ ಫ್ಯೂಸಿನ ರೋಧವು ಒಂದು ಓಮ್‌ನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಆಂಪ್ಲಿಫೈಯರ್ ಒಂದು ಆಂಪಿಯರ್ ಸೆಳೆದಾಗ ಅದರಲ್ಲಿ ನಷ್ಟವಾಗುವುದು 0.1 ವೋಲ್ಟ್. ಕೆಪಾಸಿಟರ್‌ಗಳು ಪ್ರವಾಹವನ್ನು ಬಿಟ್ಟುಬಿಟ್ಟು ಸೆಳೆಯುವುದರಿಂದ ಆ ಗಳಿಗೆಯ ಪ್ರಮಾಣ ಮೂರು-ನಾಲ್ಕು ಪಟ್ಟು ಏರಿದರೂ ನಷ್ಟ ಅರ್ಧ ವೋಲ್ಟನ್ನು ದಾಟದು. ಇನ್ನು ಮನೆಯ ತಂತಿಯನ್ನು ನೋಡೋಣ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧವಿದೆ. ಮೀಟರ್ ಹಲಗೆಯಿಂದ ಹಜಾರದ ಪ್ಲಗ್ಗಿಗೆ 20 ಮೀಟರ್ ಎಂದಿಟ್ಟುಕೊಂಡರೆ, ಹೋಗಿ ಬರುವ 40 ಮೀಟರಿಗೆ ಅರ್ಧ ಓಮ್. ಅಂದರೆ ಫ್ಯೂಸಿನ ಐದು ಪಟ್ಟು. ಇದರಾಚೆಗೆ ಕಂಬದಿಂದ ಬರುವ ತಂತಿ, ಬೆಸ್ಕಾಂ ಪರಿವರ್ತಕ, ಅದೇ ಮಾರ್ಗದಲ್ಲಿರುವ ನೆರೆಹೊರೆಯ ಪಂಪು, ಹವಾನಿಯಂತ್ರಕಗಳೆಲ್ಲವೂ ಇವೆ. 230 ವೋಲ್ಟ್ ಪೂರೈಕೆಯಲ್ಲಿ ಶೇ. 6ರಷ್ಟು ಏರಿಳಿತಕ್ಕೆ 1956ರ ಭಾರತೀಯ ವಿದ್ಯುತ್ ನಿಯಮಾವಳಿಯೇ ಅವಕಾಶ ಕೊಟ್ಟಿತ್ತು. ಅದು ಹೆಚ್ಚುಕಡಿಮೆ 14 ವೋಲ್ಟ್. ಹದಿನಾಲ್ಕು ವೋಲ್ಟಿನ ಏರಿಳಿತವನ್ನು ಸಹಿಸಿಕೊಂಡು ಹಾಡುವ ಯಂತ್ರವು 0.1 ವೋಲ್ಟಿನ ಉಳಿತಾಯಕ್ಕೆ ಕಂಠ ಬದಲಿಸುವುದೆಂಬುದು ನಂಬಲರ್ಹವಾದ ಮಾತಲ್ಲ.

ಅಷ್ಟೇ ಅಲ್ಲ, ಈ ಪ್ರವಾಹವು ನೇರವಾಗಿ ಸ್ಪೀಕರನ್ನು ತಲಪುವುದೂ ಇಲ್ಲ. ಟ್ರಾನ್ಸ್‌ಫಾರ್ಮರ್ ಅದನ್ನು ತಗ್ಗಿಸುತ್ತದೆ, ರೆಕ್ಟಿಫೈಯರ್ ಏಕಮುಖವಾಗಿಸುತ್ತದೆ, ಸಾವಿರಾರು ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳು ಕೆರೆಯಂತೆ ಸಂಗ್ರಹಿಸಿಕೊಳ್ಳುತ್ತವೆ. 100ರಿಂದ 240 ವೋಲ್ಟ್‌ವರೆಗೆ ನಡೆಯುವುದೆಂದು ಹಿಂಬದಿಯಲ್ಲೇ ನಮೂದಿಸಿರುವ ಉಪಕರಣಗಳಲ್ಲಂತೂ ವಿದ್ಯುತ್ ಸರಬರಾಜು ಘಟಕವು ಏರಿಳಿತವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಬಾಣದ ಗುರುತಿನ ವಿಚಾರ ಇನ್ನೂ ವಿಚಿತ್ರ. ನಮ್ಮಲ್ಲಿ ಪೂರೈಕೆಯಾಗುವುದು 50 ಹರ್ಟ್ಜ್‌ನ ಪರ್ಯಾಯ ಪ್ರವಾಹ; ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುವ ಪ್ರವಾಹಕ್ಕೆ ಯಾವ ಬಾಣವನ್ನು ತೋರಿಸಿ ಫಲವೇನು?

ಹಾಗೆಂದು ಫ್ಯೂಸಿಗೂ ಧ್ವನಿಗೂ ಎಲ್ಲಿಯೂ ಸಂಬಂಧವಿಲ್ಲವೆಂದು ಸಾರಾಸಗಟಾಗಿ ಹೇಳಲಾಗದು. ಕೆಲವು ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರಿನ ರಕ್ಷಣೆಗಾಗಿ ಅದರ ಮಾರ್ಗದಲ್ಲೇ ಫ್ಯೂಸ್ ಇಟ್ಟಿರುತ್ತಾರೆ. ಅಲ್ಲಿ ಸಂಗೀತದ ಸಂಕೇತವೇ ಫ್ಯೂಸಿನ ಮೂಲಕ ಹರಿಯುತ್ತದೆ. ಮಂದ್ರಸ್ವರದ ಪ್ರತಿ ಆವರ್ತನದಲ್ಲಿಯೂ ತಂತಿ ಕಾದು ತಣಿಯುವುದರಿಂದ ಅದರ ರೋಧ ಏರಿಳಿದು ಸಣ್ಣ ಪ್ರಮಾಣದ ವಿರೂಪ ಉಂಟಾಗುತ್ತದೆ. ಆಂಪ್ಲಿಫೈಯರ್ ವಿನ್ಯಾಸದ ಕುರಿತು ಬರೆದಿರುವ ಬ್ರಿಟನ್ನಿನ ಡಗ್ಲಾಸ್ ಸೆಲ್ಫ್ ಇದನ್ನು ಅಳೆದು ತೋರಿಸಿದ್ದಾರೆ. ಆದರೆ ಬಂಗಾರದ ಲೇಪ ಇದಕ್ಕೆ ಪರಿಹಾರವಲ್ಲ. ಕಾಯುವುದು ಒಳಗಿನ ತಂತಿ, ಹೊರಗಿನ ಟೊಪ್ಪಿಗೆಯಲ್ಲ. ಈ ಕಾರಣಕ್ಕಾಗಿಯೇ ಅನೇಕ ತಯಾರಕರು ಅಲ್ಲಿ ಫ್ಯೂಸಿನ ಬದಲು ರಿಲೇ ಬಳಸುತ್ತಾರೆ.

ಇನ್ನೊಂದು ಸಂಗತಿ ದುರಸ್ತಿಗಾರರಿಗೆ ಚೆನ್ನಾಗಿ ಗೊತ್ತಿರುವುದೇ. ಹಳೆಯ ಉಪಕರಣಗಳಲ್ಲಿ ಫ್ಯೂಸ್ ಹಿಡಿಯುವ ಕ್ಲಿಪ್ಪುಗಳು ಸಡಿಲಾಗಿ, ತೇವಕ್ಕೆ ಕಿಲುಬು ಹಿಡಿದಿರುತ್ತವೆ. ಸಂಪರ್ಕ ಬಂದು ಹೋಗುತ್ತಿದ್ದರೆ ಗೊರಗೊರ ಸದ್ದೂ ಬರುತ್ತದೆ. ದುಬಾರಿ ಫ್ಯೂಸ್ ಹಾಕುವಾಗ ಕ್ಲಿಪ್ಪು ಉಜ್ಜಿಕೊಂಡು, ಬಿಗಿಯಾಗಿ ಸದ್ದು ನಿಂತರೆ ಕೀರ್ತಿ ಫ್ಯೂಸಿಗೆ ಸಲ್ಲುತ್ತದೆ. ಕಿಲುಬು ತೆಗೆದು ಹೊಸ ಸಾಧಾರಣ ಫ್ಯೂಸ್ ಹಾಕಿದ್ದರೂ ಅದೇ ಫಲ ದೊರೆಯುತ್ತಿತ್ತು.

ಆದರೂ ಕೇಳಿದವರು ವ್ಯತ್ಯಾಸ ಇದೆ ಎನ್ನುತ್ತಾರಲ್ಲ? ಅವರು ಸುಳ್ಳಾಡುತ್ತಿಲ್ಲ. ಹಣ ತೆತ್ತ ವಸ್ತುವಿನಿಂದ ಫಲ ನಿರೀಕ್ಷಿಸುವ ಮನಸ್ಸು ಕಿವಿಯನ್ನೂ ತನ್ನೊಡನೆ ಕರೆದೊಯ್ಯುತ್ತದೆ. ಇದನ್ನು ಬೇರ್ಪಡಿಸಲೆಂದೇ ಧ್ವನಿ ತಂತ್ರಜ್ಞರು ‘ಎಬಿಎಕ್ಸ್’ ಎಂಬ ಕುರುಡು ಪರೀಕ್ಷೆಯನ್ನು ರೂಢಿಸಿದರು. ಅಮೆರಿಕದ ಡೇವಿಡ್ ಕ್ಲಾರ್ಕ್ 1982ರಲ್ಲಿ ಅದನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ಅಂಗಡಿಯಲ್ಲಿಯೂ ಇದನ್ನು ಸರಳವಾಗಿ ಮಾಡಬಹುದು. ಒಂದೇ ಮಾದರಿಯ ಎರಡು ಆಂಪ್ಲಿಫೈಯರ್‌ಗಳ ಧ್ವನಿಮಟ್ಟವನ್ನು ಮೀಟರಿನಲ್ಲಿ ಸಮಗೊಳಿಸಿ, ಒಂದಕ್ಕೆ ಸಾಧಾರಣ, ಮತ್ತೊಂದಕ್ಕೆ ದುಬಾರಿ ಫ್ಯೂಸ್ ಹಾಕಿ, ಪರದೆಯ ಹಿಂದಿಡಬೇಕು. ಯಾವುದು ನುಡಿಯುತ್ತಿದೆಯೆಂಬುದು ಕೇಳುಗನಿಗಾಗಲಿ ಅವನ ಜೊತೆಗಿರುವವರಿಗಾಗಲಿ ತಿಳಿಯಬಾರದು. ನಾಣ್ಯ ಚಿಮ್ಮಿ ಆರಿಸಿದ 16 ಸರದಿಗಳಲ್ಲಿ 12 ಅಥವಾ ಹೆಚ್ಚು ಬಾರಿ ಸರಿಯಾಗಿ ಗುರುತಿಸಿದರೆ ಮಾತ್ರ ವಿಚಾರಿಸಬೇಕಾದ ವಿಷಯ. ಬರಿಯ ಊಹೆಯಿಂದ ಅಷ್ಟು ಬರುವ ಸಂಭವ ಶೇ. 4ಕ್ಕಿಂತ ಕಡಿಮೆ. ಎಂಟು-ಒಂಬತ್ತು ಸರಿಯಾದರೆ ಅದು ನಾಣ್ಯದ ಉತ್ತರ.

ಧ್ವನಿಯ ಮಾತು ಹೀಗಾದರೆ, ಸುರಕ್ಷತೆಯ ಮಾತು ಗಂಭೀರವಾದುದು. ಕಿಟ್‌ಕ್ಯಾಟ್ ಫ್ಯೂಸಿಗೆ ಕೈಗೆ ಸಿಕ್ಕ ತಾಮ್ರದ ಎಳೆ ಸುತ್ತುವ ಅಭ್ಯಾಸ ನಮ್ಮಲ್ಲಿ ಹಳೆಯದು; ಅದೇ ಧೋರಣೆ ಆಂಪ್ಲಿಫೈಯರಿನ ಒಳಕ್ಕೂ ಬಂದರೆ ಬೆಂಕಿಗೆ ದಾರಿ. ಫ್ಯೂಸಿನ ಟೊಪ್ಪಿಗೆಯ ಮೇಲಿನ ಅಕ್ಷರಗಳಿಗೆ ಅರ್ಥವಿದೆ. ‘ಟಿ’ ಎಂದರೆ ನಿಧಾನವಾಗಿ ಕರಗುವುದು, ‘ಎಫ್’ ಎಂದರೆ ಬೇಗ ಕರಗುವುದು. ಟ್ರಾನ್ಸ್‌ಫಾರ್ಮರ್ ಇರುವ ಉಪಕರಣಕ್ಕೆ ಸ್ವಿಚ್ ಹಾಕಿದೊಡನೆ ಕ್ಷಣಕಾಲ ಭಾರೀ ಪ್ರವಾಹ ನುಗ್ಗುವುದರಿಂದ ಸಾಮಾನ್ಯವಾಗಿ ‘ಟಿ’ ಇರುತ್ತದೆ. ಅಲ್ಲಿ ‘ಎಫ್’ ಹಾಕಿ, ಅದು ಪದೇ ಪದೇ ಸುಟ್ಟಿತೆಂದು ಹೆಚ್ಚು ಆಂಪಿಯರಿನದನ್ನು ತುರುಕಿದರೆ ರಕ್ಷಣೆಯೇ ಹೋಯಿತು. ‘ಎಲ್’ ಮತ್ತು ‘ಎಚ್’ ಎಂಬುವು ಅವಘಡದ ಪ್ರವಾಹವನ್ನು ಸುರಕ್ಷಿತವಾಗಿ ಕಡಿಯುವ ಸಾಮರ್ಥ್ಯದ ಗುರುತು. ಅಂತರರಾಷ್ಟ್ರೀಯ ಐಇಸಿ 60127 ಮಾನಕದ ಪ್ರಕಾರ ‘ಎಚ್’ಗೆ 1500 ಆಂಪಿಯರ್, ‘ಎಲ್’ಗೆ 35 ಆಂಪಿಯರ್ ಅಥವಾ ನಮೂದಿತ ಪ್ರವಾಹದ ಹತ್ತು ಪಟ್ಟು, ಇವೆರಡರಲ್ಲಿ ಹೆಚ್ಚಿನದು. ಮರಳು ತುಂಬಿದ ಪಿಂಗಾಣಿ ಫ್ಯೂಸ್ ಇದ್ದ ಕಡೆ ಗಾಜಿನದನ್ನು ಹಾಕುವುದು ಸಲ್ಲದು. ದುಬಾರಿ ಫ್ಯೂಸಿನ ಮೇಲೆ ಈ ವಿವರಗಳೂ ಮಾನ್ಯತೆಯ ಮುದ್ರೆಯೂ ಇಲ್ಲದಿದ್ದರೆ ಅದನ್ನು ಮಳಿಗೆಯಲ್ಲಿ ಇಡದಿರುವುದೇ ಲೇಸು.

ಕಾನೂನಿನ ಕೋನವೂ ಇದೆ. 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಮಾರಾಟಗಾರನು ಉತ್ಪನ್ನವನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾದರೆ ಅವನೂ ಹೊಣೆಗಾರನಾಗುತ್ತಾನೆ. ತಯಾರಕನ ಭರವಸೆಗೆ ಹೊರತಾಗಿ ತಾನೇ ಕೊಟ್ಟ ಭರವಸೆ ಹುಸಿಯಾಗಿ ಹಾನಿಯಾದರೂ ಅಷ್ಟೇ. ದಾರಿತಪ್ಪಿಸುವ ಜಾಹೀರಾತನ್ನು ನಿಲ್ಲಿಸುವಂತೆ ವರ್ತಕನಿಗೆ ಆದೇಶಿಸುವ ಅಧಿಕಾರ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ‘ಧ್ವನಿ ಖಂಡಿತ ಸುಧಾರಿಸುತ್ತದೆ’ ಎಂದು ಬಿಲ್ಲಿನ ಮೇಲೆ ಬರೆದುಕೊಡುವ ಮೊದಲು ಇದು ನೆನಪಿನಲ್ಲಿರಲಿ.

ಗ್ರಾಹಕನಿಗೆ ಹಣ ವ್ಯಯಿಸುವ ಮನಸ್ಸಿದ್ದರೆ ಅದಕ್ಕೆ ತಕ್ಕ ಕೆಲಸಗಳು ಬೇಕಾದಷ್ಟಿವೆ. ಭೂಸಂಪರ್ಕ ಪರೀಕ್ಷಿಸಿ ಸರಿಪಡಿಸಿದರೆ ಹಮ್ಮಿಂಗ್ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಸಂಜೆ ವೋಲ್ಟೇಜು ಕುಸಿಯುವ ಮನೆಗೆ ತಕ್ಕ ಸಾಮರ್ಥ್ಯದ ಸ್ಟೆಬಿಲೈಸರ್, ಹದಿನೈದು ವರ್ಷ ದುಡಿದ ಆಂಪ್ಲಿಫೈಯರಿಗೆ ಹೊಸ ಫಿಲ್ಟರ್ ಕೆಪಾಸಿಟರ್, ಬರಿಯ ಗೋಡೆ-ಟೈಲ್ಸಿನ ಹಜಾರಕ್ಕೆ ದಪ್ಪ ಪರದೆ ಮತ್ತು ಜಮಖಾನೆ, ಮೂಲೆಗೆ ಒತ್ತರಿಸಿದ ಸ್ಪೀಕರಿಗೆ ಒಂದೆರಡು ಅಡಿ ಜಾಗ: ಇವುಗಳ ಪರಿಣಾಮ ಪರದೆಯ ಹಿಂದಿನಿಂದಲೂ ಕೇಳಿಸುತ್ತದೆ. ಸ್ಪೀಕರ್ ಸರಿಸಲು ಖರ್ಚಿಲ್ಲ. ಉಳಿದವುಗಳಲ್ಲಿ ಅಂಗಡಿಗೂ ದುರಸ್ತಿಗಾರನಿಗೂ ನ್ಯಾಯವಾದ ಸಂಪಾದನೆಯಿದೆ.