ಜೌಗುನೆಲದ ಒಂದು ಕಿರುಜೀವಿ

ಕೆರೆಯ ದಂಡೆಯಲ್ಲಿ ನಾಲ್ಕು ರೆಕ್ಕೆಗಳನ್ನು ಚಾಚಿ ಹಾರಾಡುವ ಏರೋಪ್ಲೇನ್ ಚಿಟ್ಟೆಯನ್ನು ಅರಿಯದವರು ವಿರಳ. ಅದಕ್ಕೆ ದಾಯಾದಿಯಾದ ಇನ್ನೊಂದು ಬಳಗವಿದೆ. ವಿಜ್ಞಾನಿಗಳು ಅದನ್ನು ಡ್ಯಾಮ್ಸೆಲ್‌ಫ್ಲೈ ಎಂದು ಕರೆಯುವರು. ಈ ಬಳಗದ ಅತಿ ಚಿಕ್ಕ ಕೀಟಗಳಲ್ಲಿ ಒಂದನ್ನು ಗುರುತಿಸುವ ಬಗೆ ಯಾವುದು, ಅದರ ನೆಲೆ ಎಂತಹುದು ಎಂಬುದನ್ನು ಇಂದು ವಿಚಾರಿಸೋಣ.

ಮೊದಲು ಎರಡು ಬಳಗಗಳ ಭೇದವನ್ನು ತಿಳಿಯಬೇಕು. ಏರೋಪ್ಲೇನ್ ಚಿಟ್ಟೆಯು ಕುಳಿತಾಗಲೂ ರೆಕ್ಕೆಗಳನ್ನು ಚಾಚಿಯೇ ಇರುವುದು. ಅದರ ದೊಡ್ಡ ಕಣ್ಣುಗಳು ಸಾಮಾನ್ಯವಾಗಿ ನೆತ್ತಿಯ ಮೇಲೆ ಒಂದನ್ನೊಂದು ಮುಟ್ಟುವುವು. ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳಾದರೋ ತಲೆಯ ಎರಡು ಅಂಚುಗಳಲ್ಲಿ ದೂರ ದೂರ ನಿಂತಿರುವುವು. ಅವುಗಳಲ್ಲಿ ಬಹುಪಾಲು ಕುಳಿತೊಡನೆ ರೆಕ್ಕೆಗಳನ್ನು ಬೆನ್ನ ಮೇಲೆ ಮಡಿಚುವುವು. ಉದರವು ಸೂಜಿಯಂತೆ ಸಪೂರವಾಗಿರುವುದು.

ನಾವು ಹೇಳಹೊರಟ ಕೀಟದ ಶಾಸ್ತ್ರೀಯ ನಾಮ ಅಗ್ರಿಯೋಕ್ನೆಮಿಸ್ ಪಿಗ್ಮಿಯಾ. ಇದನ್ನು 1842ರಲ್ಲಿ ರಾಂಬೂರ್ ಎಂಬ ಫ್ರೆಂಚ್ ಪಂಡಿತನು ಮೊದಲು ವರ್ಣಿಸಿದನು. ಭಾರತದ ಈ ಜಾತಿಯ ಕೀಟಗಳೆಲ್ಲವನ್ನೂ ಕ್ರಮಬದ್ಧವಾಗಿ ವಿವರಿಸಿದ ಯಶಸ್ಸು ಸೇನಾವೈದ್ಯನಾಗಿದ್ದ ಫ್ರೇಸರ್ ಎಂಬಾತನದು. ಆತನ ಗ್ರಂಥದ ಮೂರು ಸಂಪುಟಗಳು 1933, 1934 ಮತ್ತು 1936ರಲ್ಲಿ ಪ್ರಕಟವಾದುವು. ಈ ಕೀಟವು ಭಾರತದಿಂದ ಆಗ್ನೇಯ ಏಷ್ಯವನ್ನು ಹಾದು ಆಸ್ಟ್ರೇಲಿಯದವರೆಗೆ ಹಬ್ಬಿದೆ. ಆದರೂ ಕಂಡವರು ಕಡಮೆ. ಇದರ ಉದರದ ಉದ್ದ ಸುಮಾರು 16–17 ಮಿಲಿಮೀಟರ್, ಹಿಂದಿನ ರೆಕ್ಕೆಯದು ಸುಮಾರು 10 ಮಿಲಿಮೀಟರ್ ಮಾತ್ರ.

ಗಂಡಿನ ಎದೆಯ ಮೇಲುಭಾಗ ಕಪ್ಪು. ಅದರ ಮೇಲೆ ಎಳೆಹಸುರಿನ ಎರಡು ಗೆರೆಗಳಿರುವುವು. ಪಕ್ಕಗಳೂ ಹಸುರೇ. ಉದರದ ಬೆನ್ನು ಕಪ್ಪಾಗಿದ್ದು, ಹತ್ತು ಖಂಡಗಳಲ್ಲಿ ಕೊನೆಯವು ಇಟ್ಟಿಗೆಗೆಂಪು. ಬಾಲದ ತುದಿಯ ಈ ಕೆಂಪೇ ಮುಖ್ಯ ಗುರುತು. ಇದೇ ನೆಲೆಯಲ್ಲಿ ಇಷ್ನೂರಾ ರುಬಿಲಿಯೋ ಎಂಬ ಇನ್ನೊಂದು ಚಿಕ್ಕ ಕೀಟವೂ ಇರಬಹುದು. ಅದರ ಗಂಡಿನ ಉದರ ಹಳದಿ, ತುದಿ ನೀಲಿ. ಹೆಣ್ಣಿನಲ್ಲಿ ಮಾತ್ರ ಬಣ್ಣವನ್ನು ನಂಬುವಂತಿಲ್ಲ. ಎಳೆಯದರಲ್ಲಿ ಕೆಂಪಾಗಿದ್ದು ಬಲಿತಮೇಲೆ ಹಸುರಿಗೆ ತಿರುಗುವ ಹೆಣ್ಣುಗಳುಂಟು. ಆದುದರಿಂದ ಬಲ್ಲವರು ಬಣ್ಣಕ್ಕಿಂತ ಆಕಾರಕ್ಕೆ ಹೆಚ್ಚು ಬೆಲೆ ಕೊಡುವರು. ಗಂಡಿನ ಬಾಲದ ತುದಿಯಲ್ಲಿರುವ ಹಿಡಿಕೆಗಳನ್ನು ಭೂತಗನ್ನಡಿಯಿಂದ ನೋಡಿ ನಿಶ್ಚಯಿಸುವರು.

ಇದನ್ನು ಹುಡುಕುವವರು ಆಕಾಶವನ್ನು ನೋಡಿ ಪ್ರಯೋಜನವಿಲ್ಲ. ಹುಲ್ಲಿನ ಬುಡವನ್ನು ನೋಡಬೇಕು. ಇದರ ಹಾರಾಟವೆಲ್ಲ ನೆಲದಿಂದ ಗೇಣೆರಡು ಗೇಣಿನ ಎತ್ತರದಲ್ಲಿ, ಒತ್ತಾದ ಹುಲ್ಲಿನ ನಡುವೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹೊಂದಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೊಗನೊಳ್ಳಿ ಎಂಬ ಊರಿದೆ. ಅದು ದೂಧಗಂಗಾ, ವೇದಗಂಗಾ ನದಿಗಳ ಸೀಮೆ. ಕಬ್ಬು ಮತ್ತು ತಂಬಾಕುಗಳ ನಾಡು. ಅಲ್ಲಿ ಹೆದ್ದಾರಿಯಲ್ಲಿ ಸಾಗುವವರ ಕಣ್ಣು ಹೊಲದಂಚಿನ ಬಸಿಗಾಲುವೆಯ ಕಡೆಗೆ ಹೊರಳುವುದುಂಟೆ? ಆದರೆ ಅಂತಹ ಕಾಲುವೆ, ಜೊಂಡು ಬೆಳೆದ ಕೆರೆಯಂಚು, ನೀರು ನಿಂತ ತಗ್ಗು, ಇವೇ ಈ ಕೀಟಕ್ಕೆ ಒಪ್ಪುವ ನೆಲೆಗಳು.

ಇದಕ್ಕೆ ಕಾರಣ ಇದರ ಜೀವನಕ್ರಮದಲ್ಲಿದೆ. ಹೆಣ್ಣು ನೀರಿನ ಗಿಡಗಳ ಎಳೆಯ ಕಾಂಡವನ್ನು ಕೊರೆದು ಅದರೊಳಗೆ ಮೊಟ್ಟೆಯಿಡುವುದು. ಹೊರಬಂದ ಮರಿ ನೀರಿನಲ್ಲಿಯೇ ಬೆಳೆಯುವುದು. ಅದರ ಬಾಲದಲ್ಲಿ ಎಲೆಯಂತಹ ಮೂರು ಕಿವಿರುಗಳಿರುವುವು. ಕೆಳದುಟಿಯನ್ನು ತೋಳಿನಂತೆ ಥಟ್ಟನೆ ಚಾಚಿ ಅದು ಸಣ್ಣ ಪ್ರಾಣಿಗಳನ್ನು ಹಿಡಿಯುವುದು. ಬೆಳವಣಿಗೆ ಮುಗಿದಮೇಲೆ ಹುಲ್ಲುಕಡ್ಡಿಯನ್ನು ಹಿಡಿದು ನೀರಿನಿಂದ ಮೇಲೇರಿ, ಪೊರೆ ಕಳಚಿ, ರೆಕ್ಕೆ ಪಡೆಯುವುದು. ನೀರಿದ್ದು ಹುಲ್ಲಿಲ್ಲದಿದ್ದರೆ ಮೊಟ್ಟೆಗೆ ಎಡೆಯಿಲ್ಲ. ಹುಲ್ಲಿದ್ದು ನೀರು ಬತ್ತಿದರೆ ಮರಿಗೆ ಬಾಳಿಲ್ಲ.

ಇಷ್ಟು ಚಿಕ್ಕ ಜೀವಿಯಿಂದ ಲಾಭವೇನೆಂದು ಕೆಲವರು ಕೇಳಬಹುದು. ಬತ್ತದ ಗದ್ದೆಯಲ್ಲಿ ರಸ ಹೀರುವ ಜಿಗಿಹುಳುಗಳನ್ನು ಇದು ಹಿಡಿದು ತಿನ್ನುವುದು; ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯು ಇದನ್ನು ರೈತನ ಮಿತ್ರರಲ್ಲಿ ಎಣಿಸಿದೆ. ಕೀಟನಾಶಕವನ್ನು ಮನಬಂದಂತೆ ಸಿಂಪಡಿಸುವುದರಿಂದ ಶತ್ರುವಿನೊಡನೆ ಮಿತ್ರನೂ ಅಳಿಯುವನು.

ಇದು ಅಳಿವಿನ ಅಂಚಿನಲ್ಲಿರುವ ಜೀವಿಯಲ್ಲ. ಆದರೆ ಇದರ ಮನೆಯನ್ನು ಕಾಯುವವರಿಲ್ಲ. 2017ರ ಭಾರತದ ಜೌಗುಭೂಮಿ ಸಂರಕ್ಷಣಾ ನಿಯಮಗಳು ಬತ್ತದ ಗದ್ದೆಯನ್ನೂ ನೀರಾವರಿಗಾಗಿ ಮನುಷ್ಯರು ನಿರ್ಮಿಸಿದ ಜಲಾಶಯಗಳನ್ನೂ ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಹೀಗಾಗಿ ಊರಿನ ಅನೇಕ ಕಿರುನೀರುಗಳ ಅಳಿವು ಉಳಿವು ಊರಿನವರ ಕೈಯಲ್ಲಿಯೇ ಇದೆ. ಕಾಲುವೆಯ ಹೂಳೆತ್ತುವಾಗ ಒಂದು ದಂಡೆಯ ಹುಲ್ಲನ್ನು ಉಳಿಸಿ, ಅದು ಚಿಗುರಿದ ಮೇಲೆ ಇನ್ನೊಂದನ್ನು ಕೊಯ್ದರೆ, ನೀರಿನ ಓಟಕ್ಕೂ ತಡೆಯಾಗದು, ಈ ಜೀವಿಗೂ ನೆಲೆ ತಪ್ಪದು. ಪಟ್ಟಣವಾಸಿಗಳಾದ ನಾವು ಹಳ್ಳಿಗೆ ಹೋದಾಗ ಹುಲ್ಲಿನ ಬಳಿ ಅರೆಗಳಿಗೆ ಕುಕ್ಕರಗಾಲಿನಲ್ಲಿ ಕುಳಿತು ನೋಡುವುದನ್ನು ಅಭ್ಯಾಸಮಾಡಿಕೊಳ್ಳಬೇಕು. ಹೆಸರಿಟ್ಟು ಗುರುತಿಸಿದ ಜೀವಿಯ ಮೇಲೆ ಮಮತೆ ತಾನಾಗಿ ಹುಟ್ಟುವುದು.