ಹಳೆಯ ಟಿಲ್ಲರ್ ಕೊಳ್ಳುವ ಮುನ್ನ
ದಾವಣಗೆರೆ, ಹರಿಹರದ ಭದ್ರಾ ನಾಲೆಯ ಗದ್ದೆಗಳಲ್ಲಿ ಪವರ್ ಟಿಲ್ಲರ್ ನೋಡಿರುತ್ತೀರಿ. 1967ರಲ್ಲಿ ಆರಂಭವಾದ ಬೆಂಗಳೂರಿನ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಇವನ್ನು ತಯಾರಿಸಿತು.

ಮನೆಯವರು ಹಳೆಯದನ್ನು ಕೊಳ್ಳಹೊರಟರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 20ರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಆಗ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. (ಸೈಕಲ್ ಪಂಪ್ ಬಿಸಿಯಾಗುವುದನ್ನು ನೆನೆಯಿರಿ.) ಗಾಳಿ ಸೋರಿದರೆ ಎಂಜಿನ್ ಹೊತ್ತುವುದೇ ಕಷ್ಟ.

ಹಾಗಾಗಿ ಡೀಸೆಲ್ ನಿಲ್ಲಿಸಿ, ಕಂಪ್ರೆಷನ್ ಲಿವರ್ ಮುಟ್ಟದೆ, ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿಸಿ. ಬಿಗಿಯಾಗಿ ತಡೆದರೆ ಒಳ್ಳೆಯದು. ಸಲೀಸಾಗಿ ತಿರುಗಿದರೆ ಮೆಕ್ಯಾನಿಕ್ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ನೋಡಲಿ: ಬಿಗಿ ಬಂದರೆ ರಿಂಗ್ ಸವೆದಿದೆ, ಬಾರದಿದ್ದರೆ ವಾಲ್ವ್ ಕಡೆ ನೋಡಬೇಕು. ರಿಂಗಿನ ಜೊತೆ ಸಿಲಿಂಡರೂ ಸವೆದಿದ್ದರೆ ಖರ್ಚು ಹೆಚ್ಚು. ಬೆಲೆ ಮಾತಾಡುವಾಗ ಅದನ್ನು ಕಳೆಯಿರಿ.

ಸ್ಟಾರ್ಟ್ ಮಾಡುವಾಗ ಹೆಬ್ಬೆರಳೂ ಉಳಿದ ಬೆರಳುಗಳ ಕಡೆಗೇ ಇರಲಿ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ.