ಮಕ್ಕಳ ಮೂತ್ರಪಿಂಡದ ಅರ್ಬುದವೂ ಅದರ ಅಂತಃಸ್ರಾವಗಳೂ

ಮೂತ್ರಪಿಂಡವು ರಕ್ತವನ್ನು ಸೋಸುವ ಅವಯವವೆಂಬುದು ಎಲ್ಲರಿಗೂ ವಿದಿತವೇ ಇದೆ. ಅದು ರಕ್ತದೊಳಕ್ಕೆ ಕೆಲವು ದ್ರವ್ಯಗಳನ್ನು ಸ್ರವಿಸಿ ದೂರದ ಅಂಗಗಳನ್ನು ನಿಯಮಿಸುವ ಗ್ರಂಥಿಯೂ ಆಗಿರುವುದು. ಇಂತಹ ದ್ರವ್ಯಗಳಿಗೆ ಹಾರ್ಮೋನ್ ಎಂಬ ಹೆಸರನ್ನು 1905ರಲ್ಲಿ ಸ್ಟಾರ್ಲಿಂಗ್ ಎಂಬ ಆಂಗ್ಲ ಶರೀರಶಾಸ್ತ್ರಜ್ಞನು ಬಳಕೆಗೆ ತಂದನು. ಅದರ ಗ್ರೀಕ್ ಮೂಲಕ್ಕೆ ಪ್ರಚೋದಿಸು ಎಂದರ್ಥ. ನಮ್ಮ 'ಚೋದಕ'ವೆಂಬ ಪದವು ಅದಕ್ಕೆ ಚೆನ್ನಾಗಿಯೇ ಹೊಂದುವುದು.

1898ರಲ್ಲಿ ಸ್ಟಾಕ್‌ಹೋಮಿನ ಟೀಗರ್‌ಸ್ಟೆಟ್, ಬೆರ್ಗ್‌ಮನ್ ಎಂಬವರು ಮೊಲದ ಮೂತ್ರಪಿಂಡದ ರಸದಲ್ಲಿ ರಕ್ತದ ಒತ್ತಡವನ್ನೇರಿಸುವ ರೆನಿನ್ ಎಂಬುದನ್ನು ಕಂಡರು. ಮರುವರ್ಷವೇ ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಮಕ್ಕಳ ಮೂತ್ರಪಿಂಡದ ಮಿಶ್ರ ಅರ್ಬುದವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ರೋಗವು ಈಗಲೂ ಅವನ ಹೆಸರನ್ನೇ ಹೊತ್ತಿದೆ. ಇವೆರಡಕ್ಕೂ ನಂಟುಂಟೆಂಬುದು ತಿಳಿದುಬಂದದ್ದು ಅನಂತರ.

ಈ ಅರ್ಬುದವು ಗರ್ಭದಲ್ಲಿ ಮೂತ್ರಪಿಂಡವಾಗಿ ಮಾಗಬೇಕಾಗಿದ್ದ ಎಳೆಯ ಕೋಶಗಳಿಂದ ಹುಟ್ಟಿ, ಬಹುಮಟ್ಟಿಗೆ ಐದು ವರ್ಷ ತುಂಬುವ ಮೊದಲೇ ತಲೆದೋರುವುದು. ತನ್ನ ಮೂಲದ ವೃತ್ತಿಯನ್ನು ಅದು ಪೂರ್ತಿಯಾಗಿ ಮರೆತಿರುವುದಿಲ್ಲ. ಕೆಲವೊಮ್ಮೆ ಅರ್ಬುದವೇ ರೆನಿನನ್ನು ಸ್ರವಿಸುವುದು. ಕೆಲವೊಮ್ಮೆ ಅದು ಧಮನಿಯನ್ನು ಅದುಮಲು, ರಕ್ತ ಸಾಲದೆ ಮೂತ್ರಪಿಂಡವೇ ಸ್ರವಿಸುವುದು. ರೆನಿನ್ ನೇರವಾಗಿ ನಾಳಗಳನ್ನು ಬಿಗಿಯದು. ಯಕೃತ್ತಿನಲ್ಲಿ ಹುಟ್ಟಿದ ಪ್ರೋಟೀನೊಂದನ್ನು ಅದು ಕಡಿಯುವುದು. ಆ ತುಂಡು ಮುಖ್ಯವಾಗಿ ಶ್ವಾಸಕೋಶದಲ್ಲಿ ಇನ್ನೊಮ್ಮೆ ಕಡಿಯಲ್ಪಟ್ಟು, ಪ್ರಬಲವಾದ ಆಂಜಿಯೋಟೆನ್ಸಿನ್ ಆಗಿ ನಾಳಗಳನ್ನು ಬಿಗಿಯುವುದಲ್ಲದೆ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರೋನನ್ನು ಹೊರಡಿಸುವುದು. ಆಗ ಉಪ್ಪು ದೇಹದಲ್ಲಿ ನಿಲ್ಲುವುದು, ಪೊಟ್ಯಾಸಿಯಂ ಮೂತ್ರದೊಡನೆ ಹೋಗುವುದು. ಒತ್ತಡವು ಅತಿಯಾದಲ್ಲಿ ಇದಕ್ಕೆ ವಿಪರೀತವೂ ಆಗಬಹುದು: ಆರೋಗ್ಯವಾಗಿರುವ ಇನ್ನೊಂದು ಮೂತ್ರಪಿಂಡವು ಆ ಒತ್ತಡಕ್ಕೆ ಸಿಕ್ಕಿ ಉಪ್ಪನ್ನೂ ನೀರನ್ನೂ ಸುರಿದುಬಿಡುವುದು. ಮಗುವು ಎಡೆಬಿಡದೆ ನೀರು ಬೇಡುವುದು, ಬಹಳವಾಗಿ ಮೂತ್ರ ಮಾಡುವುದು, ಸೊರಗುವುದು. ನೋಡಿದವರು ಸಿಹಿಮೂತ್ರರೋಗವೆಂದು ಶಂಕಿಸಿದರೆ ಆಶ್ಚರ್ಯವಿಲ್ಲ.

ರಕ್ತದಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಏರುವುದು ಮತ್ತೊಂದು ತೊಡಕು. ಇದು ವಿಲ್ಮ್ಸನ ಅರ್ಬುದಕ್ಕಿಂತ, ಶೈಶವದಲ್ಲಿ ಕಾಣಿಸುವ ರ್‍ಯಾಬ್ಡಾಯ್ಡ್ ಮತ್ತು ಮೆಸೋಬ್ಲಾಸ್ಟಿಕ್ ಎಂಬ ಬೇರೆ ಅರ್ಬುದಗಳಲ್ಲಿ ಹೆಚ್ಚು. ಪ್ಯಾರಾಥೈರಾಯ್ಡ್ ಸ್ರಾವವನ್ನು ಹೋಲುವ ಪ್ರೋಟೀನೊಂದು ಮೂಳೆಯನ್ನು ಕರಗಿಸುವುದೇ ಇದಕ್ಕೆ ಒಂದು ಕಾರಣ. ವಾಂತಿ, ಮಲಬದ್ಧತೆ, ಜಡತೆಗಳು ಇದರ ಲಕ್ಷಣಗಳು. ರಕ್ತಕಣಗಳನ್ನು ಹೆಚ್ಚಿಸುವ ಎರಿಥ್ರೊಪೊಯೆಟಿನ್ ಅಧಿಕವಾಗುವುದೂ ಉಂಟು. ಆದರೂ ರಕ್ತವು ಮಂದವಾಗುವುದು ಅಪರೂಪ.

ಮಕ್ಕಳ ರಕ್ತದ ಒತ್ತಡವನ್ನು ಅಳೆಯುವ ವಾಡಿಕೆ ಎಲ್ಲೆಡೆಯೂ ಇಲ್ಲವೆಂಬುದು ಖೇದಕರ. ಒತ್ತಡ ಏರಿದ ಮಗುವಿನ ಹೊಟ್ಟೆಯನ್ನು ಮುಟ್ಟಿ ನೋಡಬೇಕು. ಗಡ್ಡೆ ಒಡೆಯುವ ಅಪಾಯವಿರುವುದರಿಂದ ಮೃದುವಾಗಿಯೇ ಮುಟ್ಟಬೇಕು. ಆಂಜಿಯೋಟೆನ್ಸಿನ್ ಹುಟ್ಟುವುದನ್ನು ತಡೆಯುವ ಔಷಧಗಳಿಂದ ಒತ್ತಡವನ್ನು ಹತೋಟಿಗೆ ತಂದ ಮೇಲೆಯೇ ಶಸ್ತ್ರಕ್ರಿಯೆ ಕ್ಷೇಮಕರ. ಅರ್ಬುದವನ್ನು ತೆಗೆದೊಡನೆ ಈ ತೊಡಕುಗಳು ಸಾಮಾನ್ಯವಾಗಿ ಶಮನಹೊಂದುವುವು. ಹಾಗೆ ಇಳಿದಿದ್ದ ಒತ್ತಡವು ತಿಂಗಳುಗಳ ಮೇಲೆ ಮತ್ತೆ ಏರಿದರೆ, ಅರ್ಬುದವು ಮರಳಿತೇ ಎಂದು ಪರೀಕ್ಷಿಸಬೇಕಾಗುವುದು.